ಹುಡುಗನ ಮೂಗಿನೊಳಗೆ ಗಡ್ಡೆ ಕಂಡರೆ ಸ್ಕ್ಯಾನ್ ಆಗದೆ ತುಂಡು ತೆಗೆಸಬೇಡಿ

ನಿಮ್ಮ ಮನೆಯಲ್ಲಿ ಹೈಸ್ಕೂಲೋ ಪಿಯುಸಿಯೋ ಓದುವ ಹುಡುಗನಿದ್ದಾನಾ? ಅವನ ಮೂಗಿನ ಒಂದೇ ಹೊಳ್ಳೆ ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದು, ಅದರಲ್ಲೇ ಪದೇ ಪದೇ ರಕ್ತ ಬರುತ್ತಿದೆಯಾ? ಹಾಗಿದ್ದರೆ ದಯವಿಟ್ಟು ಇದನ್ನು ಓದಿ. ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ರಕ್ತನಾಳ ಎದ್ದು ಕಾಣಲು ಕೊಡುವ ಔಷಧ) ಹಾಕಿ ಸ್ಕ್ಯಾನ್ ಮಾಡಿಸುವ ಮೊದಲು ಒಳಗಿನ ಗಡ್ಡೆಗೆ ಇಕ್ಕಳ ಹಾಕಲು ಯಾರಿಗೂ ಬಿಡಬೇಡಿ.

ನನ್ನ ಅಕ್ಕನ ಮಗ ಆಗ ಒಂಬತ್ತನೇ ಕ್ಲಾಸು. ರಕ್ತ ಬಂದಾಗಲೆಲ್ಲ ಕೇಳಿದ್ದು ಒಂದೇ ಮಾತು: "ಉಷ್ಣ ಆಗಿದೆ ಕಣಮ್ಮ, ಎಳನೀರು ಕುಡಿಸು." ಬೇಸಿಗೆ ಮುಗಿದು ಮಳೆ ಹಿಡಿದರೂ ರಕ್ತ ಬರುವುದು ನಿಲ್ಲಲಿಲ್ಲ. ರಾತ್ರಿಯೆಲ್ಲ ಬಾಯಲ್ಲೇ ಉಸಿರು. ದನಿ ಶೀತ ಆದವರ ದನಿಯ ಹಾಗಾಯಿತು. ಅದೇ ಬದಿಯ ಕಿವಿ ಮಂದ ಎನ್ನುತ್ತಿದ್ದ. ಮೊದಲು ಅಲರ್ಜಿ ಎಂದು ಸ್ಪ್ರೇ ಕೊಟ್ಟರು, ಆಮೇಲೆ ಸೈನಸ್ ಎಂದರು. ಕೊನೆಗೆ ಒಂದು ಕ್ಲಿನಿಕ್‌ನಲ್ಲಿ ಮೂಗಿನೊಳಗೆ ನೋಡಿ, "ಪಾಲಿಪ್, ಅಂದರೆ ಮೂಗಿನೊಳಗೆ ಬೆಳೆಯುವ ಮೆತ್ತನೆ ಗಂಟು ಇದ್ದ ಹಾಗಿದೆ, ಸಣ್ಣ ತುಂಡು ತೆಗೆದು ಬಯಾಪ್ಸಿಗೆ ಕಳಿಸೋಣ" ಎಂದರು. ಅಲ್ಲೇ, ಕುರ್ಚಿಯಲ್ಲಿ ಕೂರಿಸಿಕೊಂಡೇ. ಸ್ಕ್ಯಾನ್ ಆಗಿರಲಿಲ್ಲ, ಬಾಟಲಿ ರಕ್ತ ಕೂಡ ಹತ್ತಿರದಲ್ಲಿರಲಿಲ್ಲ.

ಇಕ್ಕಳ ತಾಗಿದ್ದೇ ತಡ, ಮೂಗು ಬಾಯಿ ಎರಡರಿಂದಲೂ ರಕ್ತ ಸುರಿಯಿತು. ಗಾಜ್ ತುರುಕಿದರೂ ನಿಲ್ಲಲಿಲ್ಲ. ಆಂಬುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ದು, ಮೂಗಿನ ಹಿಂಭಾಗದಿಂದ ಪ್ಯಾಕ್ ಮಾಡಿ, ರಕ್ತ ಕೊಟ್ಟು ಉಳಿಸಿಕೊಂಡರು. ಅಕ್ಕನ ಸೀರೆ ಪೂರ್ತಿ ಒದ್ದೆಯಾಗಿತ್ತು.

ಅದು ಪಾಲಿಪ್ ಆಗಿರಲಿಲ್ಲ. ಜುವೆನೈಲ್ ನೇಸೋಫ್ಯಾರಿಂಜಿಯಲ್ ಆಂಜಿಯೋಫೈಬ್ರೋಮಾ. ಡಾಕ್ಟರುಗಳು ಚಿಕ್ಕದಾಗಿ ಜೆಎನ್‌ಎ ಎನ್ನುತ್ತಾರೆ. ಅಪರೂಪದ ಗಡ್ಡೆ. ಹೆಚ್ಚುಕಮ್ಮಿ ಹುಡುಗರಿಗೆ ಮಾತ್ರ, ಅದರಲ್ಲೂ 10ರಿಂದ 25 ವಯಸ್ಸಿನೊಳಗೆ ಬರುತ್ತದೆ. ಕ್ಯಾನ್ಸರ್ ಅಲ್ಲ, ಬೇರೆ ಅಂಗಗಳಿಗೆ ಹರಡುವುದಿಲ್ಲ. ಆದರೆ ಕ್ಯಾನ್ಸರ್ ಅಲ್ಲ ಎಂದ ಮಾತ್ರಕ್ಕೆ ಸುಮ್ನೆ ಕೂರುವ ಗಡ್ಡೆಯೂ ಅಲ್ಲ. ಮೂಗಿನ ಹಿಂದೆ ಹುಟ್ಟಿ, ಮೂಳೆಯನ್ನು ಸವೆಸುತ್ತ ಕೆನ್ನೆ, ಕಣ್ಣಿನ ಗೂಡು, ತಲೆಬುರುಡೆಯ ತಳದವರೆಗೂ ಬೆಳೆಯಬಲ್ಲದು. ಅದರ ತುಂಬಾ ರಕ್ತನಾಳಗಳು. ಆ ನಾಳಗಳ ಗೋಡೆಯಲ್ಲಿ ಸರಿಯಾದ ಸ್ನಾಯುಪದರ ಇರುವುದಿಲ್ಲ. ಮಾಮೂಲಿ ನಾಳ ಕತ್ತರಿಸಿದರೆ ತಾನೇ ಕುಗ್ಗಿ ರಕ್ತ ತಡೆಯಲು ನೋಡುತ್ತದೆ, ಇವಕ್ಕೆ ಆ ಶಕ್ತಿಯಿಲ್ಲ. ಅದಕ್ಕೇ ಜೆಎನ್‌ಎ ಅನುಮಾನ ಇದ್ದರೆ ಬಯಾಪ್ಸಿ ಮಾಡಬಾರದು ಎಂದು ಇಎನ್‌ಟಿ ಓದುವವರಿಗೆ ಕಲಿಸುತ್ತಾರೆ. ಇದು ಗೊತ್ತಿದ್ದೂ ಅವಸರ ಮಾಡಿದರೆ ಹೇಗೆ ಹೇಳಿ? ನನಗೆ ಈಗಲೂ ಸಿಟ್ಟಿದೆ.

ಮೂಗಲ್ಲಿ ರಕ್ತ ಬಂದ ಮಕ್ಕಳಿಗೆಲ್ಲ ಗಡ್ಡೆ ಇದೆ ಎಂದು ಹೆದರಬೇಡಿ. ಜಾಸ್ತಿ ಮಕ್ಕಳಲ್ಲಿ ರಕ್ತ ಬರುವುದು ಮೂಗಿನ ಮುಂಭಾಗದಿಂದ. ತಲೆ ಮುಂದೆ ಬಗ್ಗಿಸಿ, ಮೂಗಿನ ಮೆತ್ತನೆ ಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಹದಿಹರೆಯದ ಹುಡುಗ, ಒಂದೇ ಬದಿಯ ಕಟ್ಟುವಿಕೆ, ಮತ್ತೆ ಮತ್ತೆ ರಕ್ತ, ಈ ಮೂರೂ ಒಟ್ಟಿಗೆ ಇದ್ದರೆ ಮಾತ್ರ ತಡ ಮಾಡಬೇಡಿ. ಕೆನ್ನೆ ಊದಿದರೆ, ಕಣ್ಣು ಮುಂದೆ ಬಂದ ಹಾಗೆ ಕಂಡರೆ ಇನ್ನೂ ಬೇಗ ಹೋಗಿ. ಪಾಲಿಪ್ ಸಾಮಾನ್ಯವಾಗಿ ಬಿಳಿಚಿಕೊಂಡ ದ್ರಾಕ್ಷಿಯ ಹಾಗಿರುತ್ತದೆ, ಜೆಎನ್‌ಎ ಕೆಂಪಗೆ ನುಣ್ಣಗೆ. ಆದರೂ ಬರೀ ಕಣ್ಣಲ್ಲಿ ನೋಡಿ ತೀರ್ಮಾನಿಸುವುದು ಬೇಡ. ಮೂಗಿನೊಳಗೆ ಹಾಯಿಸಿ ನೋಡುವ ದುರ್ಬೀನು (ಎಂಡೋಸ್ಕೋಪ್), ಕಾಂಟ್ರಾಸ್ಟ್ ಸಿಟಿ, ಎಂಆರ್‌ಐ, ಇಷ್ಟರಲ್ಲೇ ಸಾಮಾನ್ಯವಾಗಿ ಗೊತ್ತಾಗುತ್ತದೆ.

ನಮ್ಮ ಹುಡುಗನಿಗೆ ಮುಂದೆ ಚಿಕಿತ್ಸೆ ಆಗಿದ್ದೂ ಹಾಗೆಯೇ, ಹಂತ ಹಂತವಾಗಿ. ತೊಡೆಯ ರಕ್ತನಾಳದಿಂದ ಸಣ್ಣ ಟ್ಯೂಬ್ ಹಾಯಿಸಿ, ಗಡ್ಡೆಗೆ ರಕ್ತ ಒಯ್ಯುವ ನಾಳವನ್ನು ಒಳಗಿಂದಲೇ ಮುಚ್ಚಿದರು. ಇದಕ್ಕೆ ಎಂಬೊಲೈಸೇಷನ್ ಎನ್ನುತ್ತಾರೆ. ಇದಾದ ಮೇಲೆ ಸಾಮಾನ್ಯವಾಗಿ 24ರಿಂದ 72 ಗಂಟೆಯೊಳಗೆ ಆಪರೇಷನ್ ಮಾಡುತ್ತಾರೆ. ಅವನಿಗೆ ಮೂಗಿನ ಮೂಲಕವೇ ದುರ್ಬೀನು ಹಾಕಿ ಗಡ್ಡೆ ತೆಗೆದರು, ಮುಖದ ಮೇಲೆ ಗಾಯವಿಲ್ಲ. ಆದ್ದರಿಂದ ಆಸ್ಪತ್ರೆ ಆರಿಸುವಾಗ ಎಂಬೊಲೈಸೇಷನ್ ಸೌಲಭ್ಯ, ಬ್ಲಡ್ ಬ್ಯಾಂಕ್, ಇಂಥ ಗಡ್ಡೆ ತೆಗೆದು ಅನುಭವ ಇರುವ ಸರ್ಜನ್, ಮೂರೂ ಇವೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಬೇಜಾರಾಗುವ ಡಾಕ್ಟರ್ ಹತ್ತಿರ ಮಾಡಿಸಬೇಡಿ.

ಆಪರೇಷನ್ ಆದ ಮೇಲೂ ಡಾಕ್ಟರ್ ಹೇಳಿದಾಗ ಎಂಆರ್‌ಐ ತಪ್ಪಿಸಬೇಡಿ. ಒಳಗೆ ಚೂರು ಉಳಿದಿದ್ದರೆ ಅದು ಮತ್ತೆ ಬೆಳೆಯಬಹುದು. ಹುಡುಗ ಆಟವಾಡಿಕೊಂಡು ಚೆನ್ನಾಗಿದ್ದಾನಲ್ಲ ಎಂದು ಎಷ್ಟೋ ಮನೆಗಳಲ್ಲಿ ಇದನ್ನೇ ಬಿಟ್ಟುಬಿಡುತ್ತಾರೆ.