ಬೇರಿನ ಪುಡಿ: ದಾವಣಗೆರೆಯಲ್ಲಿ ಎಲೆಯಿಂದ ಗಿಡ ಮಾಡುವವರು ಯಾವುದನ್ನು ಕೊಳ್ಳಬೇಕು?

ದಾವಣಗೆರೆಯ ಗೊಬ್ಬರದಂಗಡಿಯಲ್ಲಿ ಬರೀ ‘ಬೇರು ಬರೋ ಪುಡಿ ಕೊಡಿ’ ಎಂದರೆ ಬಲಿತ ಕಡ್ಡಿಗೆ ಹಚ್ಚುವ ಪುಡಿ ಕೈಗೆ ಬರುವುದುಂಟು. ಹಿರಿಯೂರು, ಹೊಸದುರ್ಗದ ಕಡೆಯ ದಾಳಿಂಬೆ ಕಡ್ಡಿಗೆ, ಗೂಟಿಗೆ (ಗಿಡದ ಮೇಲಿನ ರೆಂಬೆಯಲ್ಲೇ ಬೇರು ಬರಿಸುವ ವಿಧಾನಕ್ಕೆ) ಅದು ಸರಿಯೇ. ಬಿಗೋನಿಯಾ ಎಲೆಗೆ ಹಚ್ಚಿದರೆ ಮಾತ್ರ ತೊಟ್ಟು ಕಪ್ಪಾಗಿ ಕೊಳೆಯುತ್ತದೆ.

ಈ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಟಾಲ್ಕಿನಲ್ಲಿ ಬೆರೆಸಿದ ಐಬಿಎ, ಅಂದರೆ ಇಂಡೋಲ್ ಬ್ಯುಟೈರಿಕ್ ಆಮ್ಲ. ಎಳೆಯ ತುಂಡಿಗೆ ಶೇ. 0.1, ಅರೆಬಲಿತದ್ದಕ್ಕೆ 0.3, ಬಲಿತ ಕಡ್ಡಿಗೆ 0.8 ಎಂಬುದು ರೂಢಿಯ ಲೆಕ್ಕ. ಎಲೆಗೆ 0.1 ಸಾಕು. ಪೊಟ್ಟಣದ ಮೇಲೆ ಪ್ರಮಾಣ ಅಚ್ಚಾಗಿಲ್ಲದಿದ್ದರೆ ಕೊಳ್ಳಲೇಬೇಡಿ. ಹೂ, ಕಾಯಿ ಉದುರದಂತೆ ಸಿಂಪಡಿಸುವ ಶೇ. 4.5ರ ಎನ್‌ಎಎ (ನ್ಯಾಫ್ತಲೀನ್ ಅಸಿಟಿಕ್ ಆಮ್ಲ) ದ್ರಾವಣವೂ ಹಾರ್ಮೋನೇ. ಆದರೆ ಅದರಲ್ಲಿ ನೇರವಾಗಿ ಅದ್ದಿದರೆ ಎಲೆ ಸುಟ್ಟೇ ಹೋಗುತ್ತದೆ.

ಪ್ರಮಾಣ ಹೆಚ್ಚಾದರೆ ಇನ್ನೊಂದು ತೊಂದರೆಯಿದೆ, ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ಐಬಿಎ ಆಕ್ಸಿನ್ ಎಂಬ ಸಸ್ಯ ಹಾರ್ಮೋನುಗಳ ಗುಂಪಿನದು. ಆಕ್ಸಿನ್ ಬೇರು ಬರಿಸುತ್ತದೆ, ಚಿಗುರನ್ನು ತಡೆಯುತ್ತದೆ. ಚಿಗುರೊಡೆಯಲು ಸೈಟೊಕೈನಿನ್ ಎಂಬ ಇನ್ನೊಂದು ಸಸ್ಯ ಹಾರ್ಮೋನು ಮೇಲುಗೈ ಆಗಬೇಕು. ಈ ಎರಡರ ಅನುಪಾತವೇ ಬೇರೋ ಚಿಗುರೋ ಎಂದು ನಿರ್ಧರಿಸುತ್ತದೆಂದು ವಿಜ್ಞಾನಿಗಳಾದ ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲೇ ತಂಬಾಕಿನ ಅಂಗಾಂಶದಲ್ಲಿ ತೋರಿಸಿದ್ದರು. ಕಾಂಡದ ತುಂಡಿನಲ್ಲಿ ಮೊಗ್ಗು ಮೊದಲೇ ಇರುತ್ತದೆ, ಎಲೆ ಅದನ್ನು ಹೊಸದಾಗಿ ಹುಟ್ಟಿಸಬೇಕು. ಹಾಗಾಗಿ ಪುಡಿ ಜಾಸ್ತಿ ಮೆತ್ತಿದ ಎಲೆ ಕುಂಡದ ತುಂಬ ಬೇರು ಬಿಟ್ಟುಕೊಂಡು ತಿಂಗಳುಗಟ್ಟಲೆ ಚಿಗುರದೆ ಹಾಗೇ ಕೂರುತ್ತದೆ.

ಹಚ್ಚುವಾಗ ಚಿಟಿಕೆ ಪುಡಿಯನ್ನು ಕಾಗದದ ಮೇಲೆ ಸುರಿದುಕೊಳ್ಳಿ, ಎಲೆಯನ್ನು ಪೊಟ್ಟಣದೊಳಗೆ ಅದ್ದಬೇಡಿ. ಪೆಪರೋಮಿಯಾ, ಬಿಗೋನಿಯಾಗಳಿಗೆ ಎರಡು–ಮೂರು ಸೆಂ.ಮೀ. ತೊಟ್ಟು ಉಳಿಸಿ, ತುದಿಗಷ್ಟೇ ತಾಗಿಸಿ, ಕೊಡವಿ. ಕಡ್ಡಿಯಿಂದ ಮೊದಲೇ ಕುಳಿ ಮಾಡಿ ಊರಿ, ಇಲ್ಲದಿದ್ದರೆ ಪುಡಿಯೆಲ್ಲ ಮೇಲೇ ಉಜ್ಜಿಹೋಗುತ್ತದೆ. ನೆಡುವ ಮಿಶ್ರಣಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಸಮಸಮ ಸಾಕು. ಪರ್ಲೈಟ್ ಬದಲು ತೊಳೆದ ದಪ್ಪ ಮರಳೂ ನಡೆಯುತ್ತದೆ. ಅಕ್ಕಿ ಗಿರಣಿಯ ಬೂದಿ ಪುಕ್ಕಟೆ ಸಿಗುತ್ತದೆಂದು ಸುರಿಯಬೇಡಿ, ಅದು ಕ್ಷಾರ.

ಸ್ನೇಕ್ ಪ್ಲಾಂಟ್‌ನ ಎಲೆಯನ್ನು ಏಳೆಂಟು ಸೆಂ.ಮೀ. ತುಂಡು ಮಾಡಿ, ಕೆಳತುದಿಗೆ ಗುರುತು ಹಾಕಿ, ಎರಡು–ಮೂರು ದಿನ ನೆರಳಲ್ಲಿ ಗಾಯ ಒಣಗಿಸಿ ನೆಡಬೇಕು. ತಲೆಕೆಳಗಾಗಿ ನೆಟ್ಟರೆ ಬೇರು ಬರುವುದಿಲ್ಲ. ಹಳದಿ ಅಂಚಿನ ಜಾತಿಯ ಎಲೆಯಿಂದ ಬರುವ ಮರಿಗಳು ಬರೀ ಹಸಿರು, ಯಾವ ಹಾರ್ಮೋನೂ ಆ ಅಂಚನ್ನು ತಂದುಕೊಡದು. ಅದಕ್ಕೆ ಗಡ್ಡೆ ಬೇರ್ಪಡಿಸುವುದೊಂದೇ ದಾರಿ. ಮನಿ ಪ್ಲಾಂಟ್, ರಬ್ಬರ್ ಗಿಡದ ಗೆಣ್ಣಿಲ್ಲದ ಎಲೆಗೆ ಪುಡಿ ದಂಡ: ಬೇರು ಬಂದೀತು, ಗಿಡವಾಗದು. ಕಾಡುಬಸಳೆಗಂತೂ ಎಲೆಯಂಚಿನಲ್ಲೇ ಮೊಗ್ಗಿದೆ, ಪುಡಿಯೇ ಬೇಡ.

ನಮ್ಮ ಏಪ್ರಿಲ್ ಬಿಸಿಲು ಎಲೆ ನೆಡುವ ಕಾಲವಲ್ಲ. ಜೂನ್‌ನಿಂದ ಅಕ್ಟೋಬರ್ ಒಳ್ಳೆಯದು. ಬಿಗೋನಿಯಾಗೆ ಪ್ಲಾಸ್ಟಿಕ್ ಮುಚ್ಚಿಗೆ ಹಾಕಿ, ದಿನಕ್ಕೊಮ್ಮೆ ಗಾಳಿಯಾಡಿಸಿ. ಸ್ನೇಕ್ ಪ್ಲಾಂಟ್‌ಗೆ ಮುಚ್ಚಿದರೆ ಕೊಳೆಯುತ್ತದೆ.

ಬಿಗೋನಿಯಾ, ಪೆಪರೋಮಿಯಾ, ಸ್ನೇಕ್ ಪ್ಲಾಂಟ್ ಮಾಡುವವರು ಶೇ. 0.1ರ ಚಿಕ್ಕ ಪೊಟ್ಟಣವನ್ನು ಧೈರ್ಯವಾಗಿ ಕೊಳ್ಳಬಹುದು. ದೊಡ್ಡ ಡಬ್ಬಿ ಬೇಡ: ಬೆಳಕು, ಸೆಕೆ, ತೇವಕ್ಕೆ ಪುಡಿ ಸತ್ವ ಕಳೆದುಕೊಳ್ಳುತ್ತದೆ. ಒಡೆದ ಪೊಟ್ಟಣವನ್ನು ಬಿಗಿಯಾಗಿ ಮುಚ್ಚಿ, ಹೆಸರು ಬರೆದು, ಮಕ್ಕಳ ಕೈಗೆಟುಕದಂತೆ ಫ್ರಿಜ್ಜಿನಲ್ಲಿಡಿ.