ಏಳು ಪಾತಾಳ, ಇಪ್ಪತ್ತನಾಲ್ಕು ಚದರ ಅಡಿ

ಶಿವಮೊಗ್ಗದಲ್ಲಿ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ಒಂದು ಬ್ಯಾನರ್ ಅಂಗಡಿಯ ವಿಮರ್ಶೆ ಇದು. ಹೊಗಳಿಕೆಯ ಜೊತೆಗೆ ಬೈಗುಳವೂ ಇರುವುದರಿಂದ ಹೆಸರು ಹಾಕುವುದಿಲ್ಲ.

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕಸುಬು. ಭಾನುವಾರ ಮನೆಯ ಜಗಲಿಯಲ್ಲಿ ನಾಲ್ವರನ್ನು ಕೂರಿಸಿಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುವುದು ಚಟ. ಅವರು ಸಾಹಸಿಗಳಾಗುತ್ತಾರೆ, ದಾಳ ಉರುಳಿಸುತ್ತಾರೆ. ಮಿಕ್ಕ ಜಗತ್ತೆಲ್ಲ ನಾನು. ಎರಡು ವರ್ಷದಿಂದ ನಾವು ಪಾತಾಳದಲ್ಲಿದ್ದೇವೆ. ನೋಟ್‌ಬುಕ್ಕಿನ ಚೌಕಳಿ ಹಾಳೆಗಳನ್ನು ಅಂಟಿಸಿ ಅಂಟಿಸಿ ನಕ್ಷೆ ಹರಿದುಹೋಗಿತ್ತು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲಕ್ಕೆ ಒಂದೇ ನಕ್ಷೆ ಮಾಡಿಸೋಣವೆಂದು ಹೊರಟೆ. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾಗಿದೆಯಲ್ಲ, ಹಾಗಾಗಿ ಬಟ್ಟೆಯ ಮೇಲೆ.

ನನ್ನ ಪಾತಾಳ ಯಾವುದೋ ಒಂದು ಬೆಟ್ಟದ ಕೆಳಗಿನ ಗವಿಯಲ್ಲ. ಅದು ಇಡೀ ಭೂಮಿಯ ಅಡಿಗೆ ಹಾಸಿಕೊಂಡಿದೆ, ಯಾವ ದೇಶದ ಬಾವಿಗೆ ಇಳಿದರೂ ಸಿಗುವುದು ಅದೇ ಅತಲ, ಏಳು ತಲಗಳಲ್ಲಿ ಮೊದಲನೆಯದು. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ಮೇಲೇಳುವ ಹಳೆಯ ಮಡೆನೂರು ಅಣೆಕಟ್ಟು ನಮ್ಮ ಕಡೆಯ ಬಾಗಿಲು. ಮಳೆ ಹಿಡಿದರೆ ಬಾಗಿಲು ಮುಳುಗಿತು, ಒಳಗಿದ್ದವರು ಒಳಗೇ. ಒಟ್ಟು ಆಳ ಎಪ್ಪತ್ತು ಸಾವಿರ ಯೋಜನ, ತಲವೊಂದಕ್ಕೆ ಹತ್ತು ಸಾವಿರ. ಮಣ್ಣಿನ ಬಣ್ಣಗಳನ್ನು ವಿಷ್ಣುಪುರಾಣದಿಂದ ತೆಗೆದುಕೊಂಡೆ: ಮೊದಲ ತಲ ಬಿಳಿ, ಎರಡನೆಯದು ಕಪ್ಪು, ಏಳನೆಯದು ಚಿನ್ನ. ನಿವಾಸಿಗಳನ್ನು ಭಾಗವತ ಒದಗಿಸಿತು: ವಿತಲದಲ್ಲಿ ಹಾಟಕಿ ನದಿ, ಸುತಲದಲ್ಲಿ ಬಲಿ, ತಲಾತಲದಲ್ಲಿ ಮಯ. ಒಂದು ತಲದಿಂದ ಇನ್ನೊಂದಕ್ಕೆ ಇಳಿಯುವಾಗ ಮೈಮೇಲಿನ ಒಂದು ವಸ್ತುವನ್ನು ಬಿಟ್ಟು ಹೋಗಬೇಕೆಂಬ ನಿಯಮ ಮಾತ್ರ ಸುಮೇರಿಯಾದ ಇನಾನ್ನಾ ದೇವಿಯಿಂದ ಪಡೆದ ಸಾಲ. ಅವಳೂ ಏಳು ಬಾಗಿಲು ದಾಟಿದವಳೇ.

ಗುಮಾಸ್ತನಿಗೆ ಪ್ರಿಯವಾದದ್ದು ಬೆಳಕಿನ ಲೆಕ್ಕ. ಈ ಆಟದ 1981ರ ನಿಯಮದಲ್ಲಿ ಒಂದು ಪಂಜು ಒಂದು ಗಂಟೆ ಉರಿಯುತ್ತದೆ, ಲಾಂದ್ರದ ಒಂದು ಬುಡ್ಡಿ ಎಣ್ಣೆ ನಾಲ್ಕು ಗಂಟೆ. ಭಾಗವತದ ಪ್ರಕಾರ ಕೆಳಗೆ ಸೂರ್ಯನಿಲ್ಲ, ಹಗಲಿರುಳೆಂಬ ಭೇದವೂ ಇಲ್ಲ. ಬೆಳಗುವುದು ಸರ್ಪಗಳ ಹೆಡೆಯ ಮಣಿ. ಅಂದಮೇಲೆ ನನ್ನ ಪಾತಾಳದಲ್ಲಿ ಎಣ್ಣೆ ಮುಗಿದವನು ನಾಗರ ಹತ್ತಿರ ಸಾಲಕ್ಕೆ ಹೋಗಲೇಬೇಕು, ಬಡ್ಡಿಯೂ ಉಂಟು. ಕತ್ತಲೆಗೆ ಬೆಲೆ ಕಟ್ಟದ ಪಾತಾಳ ಬರೀ ನೆಲಮಾಳಿಗೆ. 1974ರ ಮೂಲ ಆಟದಲ್ಲಂತೂ ಅಲ್ಲಿನ ಬಾಗಿಲುಗಳು ಸಾಹಸಿಗಳು ಮೈಕೊಟ್ಟು ದೂಡದೆ ತೆರೆಯವು, ರಾಕ್ಷಸರಿಗೆ ತಾವಾಗಿಯೇ ತೆರೆಯುತ್ತವೆ. ಅಷ್ಟೇ ಅಲ್ಲ, ಕತ್ತಲಲ್ಲಿ ಕಣ್ಣು ಕಾಣುವ ರಾಕ್ಷಸ ಸಾಹಸಿಗಳ ಸೇವೆಗೆ ಸೇರಿದನೋ, ಆ ದೃಷ್ಟಿ ಹೋಯಿತು. ಇದಕ್ಕಿಂತ ಒಳ್ಳೆಯ ನಿಯಮ ನಾನು ಓದಿಲ್ಲ. ನೆಲವೇ ನಿಮಗೆ ಆಗದವರ ಪಕ್ಷ.

ಇನ್ನು ಅಂಗಡಿ. ಕಂಪ್ಯೂಟರ್ ಮುಂದೆ ಕುಳಿತ ಹುಡುಗ ಚುರುಕು. ಮದುವೆ, ಗೃಹಪ್ರವೇಶ, ಶ್ರದ್ಧಾಂಜಲಿಯ ನಡುವೆ ನನ್ನ ಕೆಲಸ ನೋಡಿ ನಗಲಿಲ್ಲ, ಅದೇ ದೊಡ್ಡದು. ಆದರೆ ತಲಾತಲವನ್ನು ತಿದ್ದಿ ‘ತಲತಲಾಂತರ’ ಮಾಡಿದ್ದ. ಪ್ರೂಫ್ ನೋಡಿ ಸಹಿ ಹಾಕಿದವನು ನಾನೇ ಆದ್ದರಿಂದ ಅದನ್ನು ಅವನ ತಲೆಗೆ ಕಟ್ಟುವುದಿಲ್ಲ. ಕಪ್ಪು ಮಣ್ಣಿನ ವಿತಲದ ಕಥೆ ಬೇರೆ: ಬಟ್ಟೆ ಶಾಯಿ ಕುಡಿದು ದಾರಿಗಳೂ ಹಾಟಕಿ ನದಿಯೂ ಒಟ್ಟಿಗೆ ಮಾಯ. ಪರದೆಯ ಮೇಲೆ ಕಂಡ ಬೂದುಗೆರೆ ಬಟ್ಟೆಯ ಮೇಲೆ ಉಳಿಯುವುದಿಲ್ಲವೆಂದು ಮೊದಲೇ ಹೇಳಬೇಕಾದದ್ದು ಅಂಗಡಿಯವರ ಧರ್ಮ. ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಮಾಲೀಕರು ಅರ್ಧ ಬೆಲೆಗೆ ಮತ್ತೆ ಮುದ್ರಿಸಲು ಒಪ್ಪಿದರು. ಈ ಸಲ ‘ತಲಾತಲ’ವೂ ಸರಿಯಾಯಿತು.

ಗೆರೆಗಳನ್ನು ದಪ್ಪ ಮಾಡುತ್ತಿದ್ದಾಗ ಹುಡುಗ ಕೇಳಿದ: “ಸರ್, ಇಳಿಯುವುದಕ್ಕೆ ಇಷ್ಟೊಂದು ದಾರಿ ಇವೆ. ಹತ್ತುವುದು ಎಲ್ಲಿ?”

ಎರಡು ವರ್ಷ ಆಡಿಸಿದವನಿಗೆ ಇದು ಹೊಳೆದಿರಲಿಲ್ಲ! ಅಲ್ಲೇ ಸ್ಟೂಲಿನ ಮೇಲೆ ಕುಳಿತು ಯೋಚಿಸಿದೆ. ವರ್ಷಕ್ಕೊಮ್ಮೆ ಮೇಲೆ ಬರಲು ಅಪ್ಪಣೆ ಇರುವುದು ಬಲೀಂದ್ರನಿಗೆ, ದೀಪಾವಳಿಗೆ. ನಮ್ಮ ತೀರ್ಥಹಳ್ಳಿ ಕಡೆ ಆ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಮನೆಮನೆಗೆ ಬರುತ್ತಾರೆ. ಅಜ್ಜಿ ನಿದ್ದೆಯಿಂದ ಎಬ್ಬಿಸಿ ದೀಪಕ್ಕೆ ಎಣ್ಣೆ ಹಾಕಿಸುತ್ತಿದ್ದಳು. ಸುತಲದಿಂದ ಮೇಲಕ್ಕೆ ಒಂದೇ ಒಂದು ಹಳದಿ ಗೆರೆ ಎಳೆಸಿದೆ. ಬಾಗಿಲಲ್ಲಿ ಕಾವಲು ವಾಮನ. ಬಲಿಯ ಹಿಂದೆ ಆರದ ದೀಪ ಹಿಡಿದು ನಡೆದವರಿಗೆ ಮಾತ್ರ ದಾರಿ. ಗೆರೆಗೆ ಹುಡುಗ ಹೆಚ್ಚಿನ ದುಡ್ಡು ಕೇಳಲಿಲ್ಲ.

ಬಣ್ಣ ಚೆನ್ನಾಗಿದೆ, ಅಂಚಿನ ಹೊಲಿಗೆ ಗಟ್ಟಿ, ಮಡಿಸಿದರೆ ಗೆರೆ ಬೀಳುವುದಿಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಪ್ಪು ಹೆಚ್ಚಿರುವ ಕೆಲಸವನ್ನು ಮಳೆಗಾಲದಲ್ಲಿ ಮಾತ್ರ ಮಾಡಿಸಬೇಡಿ. ಒಣಗಿದೆಯೆಂದು ಅವರು ಹೇಳಿದ್ದನ್ನು ನಂಬಿ, ಸುರುಳಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಸ್ಕೂಟರ್ ಹತ್ತಿದೆ. ಮನೆಗೆ ಬಂದಾಗ ವಿತಲದ ಕಾಲು ಭಾಗ ನನ್ನ ಬಿಳಿ ಶರ್ಟಿನ ಮೇಲಿತ್ತು, ಹಾಟಕಿ ನದಿಯ ಸಮೇತ.