ಕೊಲೆಸ್ಟ್ರಾಲ್ ಜೀನ್ ಟೆಸ್ಟ್: ರಿಪೋರ್ಟ್‌ಗೆ ಎರಡೂವರೆ ಸ್ಟಾರ್, ಕೌನ್ಸೆಲರ್‌ಗೆ ಐದು

ಉಗುಳಿನ ಸ್ಯಾಂಪಲ್ ಕಳಿಸಿದರೆ ಜೀನ್ ನೋಡಿ ಕೊಲೆಸ್ಟ್ರಾಲ್ ಜಾತಕ ಬರೆದು ಕೊಡುವ ಸರ್ವಿಸ್ ಇದು. ಕಂಪನಿಯ ಹೆಸರು ಬೇಡ ಬಿಡಿ.

ನಾನು ಮಾಡಿಸಿದ್ದಕ್ಕೆ ಕಾರಣ ಇತ್ತು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಡೋಸ್ ದುಪ್ಪಟ್ಟು ಮಾಡಿದರೂ ನನ್ನ ಎಲ್‌ಡಿಎಲ್ (ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲ್) ಇಳಿದದ್ದು ಅಷ್ಟಕ್ಕಷ್ಟೇ. ಅಪ್ಪನಿಗೂ ಅಣ್ಣನಿಗೂ ಕೊಲೆಸ್ಟ್ರಾಲ್ ಜಾಸ್ತಿ. ಹುಟ್ಟಿನಿಂದಲೇ ಎಲ್‌ಡಿಎಲ್ ಏರಿರುವ ಆನುವಂಶಿಕ ತೊಂದರೆ ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ನಮ್ಮ ಮನೆಯಲ್ಲೂ ಅದೇನಾ ಅಂತ ತಿಳಿಯಬೇಕಿತ್ತು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಈ ತೊಂದರೆಗೆ ಮುಖ್ಯವಾಗಿ ಕಾರಣವಾಗುವ ಎಲ್‌ಡಿಎಲ್‌ಆರ್, ಎಪಿಒಬಿ, ಪಿಸಿಎಸ್‌ಕೆ9 ಅನ್ನೋ ಮೂರು ಜೀನ್‌ಗಳನ್ನೂ ನೋಡಿದ್ದಾರೆ. ಏನೂ ದೋಷ ಸಿಗಲಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಆಮೇಲೆ ಒಂದು ಹಸಿರು ಟಿಕ್, ‘ನಿಮ್ಮ ಜೀನ್‌ಗಳು ನಾರ್ಮಲ್’ ಅನ್ನೋ ಸಾಲು, ಅಲ್ಲಿಗೆ ಮುಗಿಯಿತು.

ಜೀನ್ ನಾರ್ಮಲ್ ಆದರೆ ಎಲ್‌ಡಿಎಲ್ ಯಾಕೆ ಇಳಿಯಲ್ಲ? ಅದಕ್ಕೆ ರಿಪೋರ್ಟ್‌ನಲ್ಲಿ ಒಂದಕ್ಷರ ಇಲ್ಲ. ಜೀನ್‌ನಲ್ಲಿ ಯಾವ ಅಕ್ಷರ ಇದೆ ಅಂತ ಓದಿದ್ದಾರೆ ಅಷ್ಟೇ. ಅದು ಯಾವಾಗ ಆನ್ ಆಗುತ್ತೆ, ಯಾರು ಆನ್ ಮಾಡ್ತಾರೆ ಅನ್ನೋದನ್ನು ಮುಟ್ಟಿಯೇ ಇಲ್ಲ. ಲಿವರ್‌ನ ಆಟ ಇರೋದೇ ಅಲ್ಲಿ!

ಇದು ಗೊತ್ತಾಗಿದ್ದು ಪ್ಯಾಕೇಜ್ ಜೊತೆ ಬರುವ ಕೌನ್ಸೆಲರ್ ಕಾಲ್‌ನಲ್ಲಿ. ಆ ಹುಡುಗಿ ಶುರುವಿನಲ್ಲೇ, “ಮೇಡಂ, ಜೀನ್ ಸರಿ ಇದ್ದರೆ ಸಾಲದು, ಅದನ್ನು ಓಡಿಸೋದು ಯಾರು ಅಂತ ನೋಡಬೇಕು” ಅಂದರು. ಲಿವರ್ ಕೋಶದೊಳಗಿನ ಪೊರೆಯಲ್ಲಿ ಎಸ್‌ಆರ್‌ಇಬಿಪಿ-2 ಅನ್ನೋ ಪ್ರೋಟೀನ್ ಕೂತಿರುತ್ತೆ. ಪಕ್ಕದಲ್ಲೇ ಅದರ ಜೊತೆಗಾರ ಸ್ಕ್ಯಾಪ್. ಪೊರೆಯಲ್ಲಿ ಕೊಲೆಸ್ಟ್ರಾಲ್ ಸಾಕಷ್ಟಿದ್ದರೆ ಇನ್‌ಸಿಗ್ ಅನ್ನೋ ಇನ್ನೊಂದು ಪ್ರೋಟೀನ್ ಇಬ್ಬರನ್ನೂ ಅಲ್ಲೇ ಹಿಡಿದಿಡುತ್ತೆ. ಕೊಲೆಸ್ಟ್ರಾಲ್ ಕಮ್ಮಿ ಆದರೆ ಹಿಡಿತ ಬಿಡುತ್ತೆ. ಸ್ಕ್ಯಾಪ್ ಎಸ್‌ಆರ್‌ಇಬಿಪಿ-2ನ್ನು ಗಾಲ್ಜಿ ಅನ್ನೋ ಕೋಶದ ಇನ್ನೊಂದು ಭಾಗಕ್ಕೆ ಕರೆದೊಯ್ಯುತ್ತೆ. ಅಲ್ಲಿ ಎರಡು ಕಿಣ್ವಗಳು ಒಂದಾದ ಮೇಲೊಂದು ಅದನ್ನು ಕತ್ತರಿಸುತ್ತವೆ. ಕತ್ತರಿಸಿದ ತುಂಡು ನ್ಯೂಕ್ಲಿಯಸ್‌ಗೆ ಹೋಗಿ ಡಿಎನ್‌ಎ ಮೇಲೆ ಕೂತು, ಕೊಲೆಸ್ಟ್ರಾಲ್ ತಯಾರಿಸುವ ಜೀನ್‌ಗಳನ್ನೂ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ರಿಸೆಪ್ಟರ್ ಜೀನನ್ನೂ ಆನ್ ಮಾಡುತ್ತೆ.

ಸ್ಟ್ಯಾಟಿನ್ ಕೆಲಸ ಮಾಡೋದು ಇದೇ ದಾರಿಯಲ್ಲಿ. ಲಿವರ್‌ನೊಳಗೆ ಕೊಲೆಸ್ಟ್ರಾಲ್ ತಯಾರಿ ತಗ್ಗಿಸಿದರೆ ಕೋಶಕ್ಕೆ ಕೊರತೆ ಬೀಳುತ್ತೆ, ರಿಸೆಪ್ಟರ್ ಹೆಚ್ಚುತ್ತೆ, ರಕ್ತದ ಎಲ್‌ಡಿಎಲ್ ಇಳಿಯುತ್ತೆ. ತಮಾಷೆ ಏನಂದ್ರೆ, ಅದೇ ಎಸ್‌ಆರ್‌ಇಬಿಪಿ-2 ಪಿಸಿಎಸ್‌ಕೆ9 ಜೀನನ್ನೂ ಆನ್ ಮಾಡುತ್ತೆ. ಆ ಪ್ರೋಟೀನಿನ ಕೆಲಸವೇ ರಿಸೆಪ್ಟರ್‌ಗಳನ್ನು ನಾಶಕ್ಕೆ ಕಳಿಸೋದು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಸ್ಟ್ಯಾಟಿನ್ ಡೋಸ್ ದುಪ್ಪಟ್ಟು ಮಾಡಿದಾಗ ಎಲ್‌ಡಿಎಲ್ ಇನ್ನು ಶೇ. 6ರಷ್ಟು ಮಾತ್ರ ಇಳಿಯುತ್ತೆ ಅಂತ ಡಾಕ್ಟರುಗಳು ಲೆಕ್ಕ ಹಾಕೋದಕ್ಕೆ ಇದೂ ಒಂದು ಕಾರಣ. ನನ್ನ ದೇಹ ಹಠ ಮಾಡ್ತಿರಲಿಲ್ಲ ಅಂತ ಆಗ ಸಮಾಧಾನ ಆಯ್ತು. ಇಷ್ಟನ್ನು ರಿಪೋರ್ಟ್‌ನ ಒಂದು ಪುಟದಲ್ಲಿ ಬರೆಯೋಕೆ ಏನು ಕಷ್ಟ?

ಫ್ಯಾಟಿ ಲಿವರ್ ಪುಟ ಇನ್ನೂ ಕಿರಿಕಿರಿ. ಪಿಎನ್‌ಪಿಎಲ್‌ಎ3 ಜೀನ್‌ನ ಐ148ಎಂ ಅನ್ನೋ ಬದಲಾವಣೆಯ ಒಂದು ಪ್ರತಿ ನನ್ನಲ್ಲಿದೆಯಂತೆ. ಕೆಂಪು ಮೀಟರ್ ಹಾಕಿ, ‘ಹೆಚ್ಚಿನ ಅಪಾಯ’ ಅಂತ ಬರೆದು ಸುಮ್ನೆ ಹೆದರಿಸಿದ್ದಾರೆ. ಈ ಬದಲಾದ ಪ್ರೋಟೀನ್ ಬೇಗ ಕರಗದೆ ಕೊಬ್ಬಿನ ಹನಿಗಳ ಮೇಲೆ ಶೇಖರವಾಗುತ್ತೆ, ಅದು ನಿಜ. ಆದರೆ ಆ ಜೀನನ್ನು ಓಡಿಸೋರೂ ಇದ್ದಾರಲ್ವಾ? ಇನ್ಸುಲಿನ್ ಏರಿದಾಗ ಎಸ್‌ಆರ್‌ಇಬಿಪಿ-1ಸಿ, ಸಕ್ಕರೆ ಏರಿದಾಗ ಸಿಎಚ್‌ಆರ್‌ಇಬಿಪಿ, ಎರಡೂ ಜೀನ್ ಆನ್ ಮಾಡುವ ಪ್ರೋಟೀನ್‌ಗಳೇ. ಲಿವರ್‌ನಲ್ಲಿ ಹೊಸ ಕೊಬ್ಬು ತಯಾರಿಸುವ ಜೀನ್‌ಗಳನ್ನು ಆನ್ ಮಾಡೋದೂ ಇವರಿಬ್ಬರೇ. ಅಂದರೆ ಅಕ್ಷರ ಬದಲಾಯಿಸೋಕೆ ಆಗದಿದ್ದರೂ ಸ್ವಿಚ್ ಸ್ವಲ್ಪಮಟ್ಟಿಗೆ ನಮ್ಮ ಕೈಯಲ್ಲಿದೆ. ಕೆಂಪು ಮೀಟರ್ ಕೆಳಗೆ ಈ ಮಾತು ಇರಲೇಬೇಕಿತ್ತು. ಉಪವಾಸದಲ್ಲಿ ಕೊಬ್ಬು ಸುಡುವ ಜೀನ್‌ಗಳನ್ನು ಎಬ್ಬಿಸುವ ಪಿಪಿಎಆರ್-ಆಲ್ಫಾ, ಪಿತ್ತರಸದ ಮಟ್ಟ ನೋಡಿಕೊಳ್ಳುವ ಎಫ್‌ಎಕ್ಸ್‌ಆರ್ ಹೆಸರೂ ಎಲ್ಲೂ ಇಲ್ಲ.

ಔಷಧಿಗಳ ಪುಟ ಮಾತ್ರ ಚೆನ್ನಾಗಿದೆ. 2015ರಲ್ಲಿ ಬಳಕೆಗೆ ಒಪ್ಪಿಗೆ ಸಿಕ್ಕ ಪಿಸಿಎಸ್‌ಕೆ9 ಆ್ಯಂಟಿಬಾಡಿಗಳು, ಆಮೇಲೆ ಬಂದ ಇನ್‌ಕ್ಲಿಸಿರಾನ್ ಎರಡರ ವ್ಯತ್ಯಾಸ ಸರಳವಾಗಿ ಹೇಳಿದ್ದಾರೆ. ಆ್ಯಂಟಿಬಾಡಿ ಪಿಸಿಎಸ್‌ಕೆ9 ಪ್ರೋಟೀನನ್ನು ರಕ್ತದಲ್ಲಿ ಹಿಡಿಯುತ್ತೆ. ಇನ್‌ಕ್ಲಿಸಿರಾನ್ ಲಿವರ್ ಕೋಶದೊಳಗೇ ಅದರ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀನ್‌ನಿಂದ ಬರುವ ಸಂದೇಶ) ಕತ್ತರಿಸುತ್ತೆ. ಅದಕ್ಕೇ ಮೊದಲ ಎರಡು ಡೋಸ್ ಆದ ಮೇಲೆ ಆರು ತಿಂಗಳಿಗೊಂದು ಇಂಜೆಕ್ಷನ್ ಸಾಕಾಗುತ್ತೆ.

ಮನೆಯಲ್ಲಿ ಹಲವರಿಗೆ ಎಲ್‌ಡಿಎಲ್ ತುಂಬಾ ಜಾಸ್ತಿ ಇದ್ದರೆ ಡಾಕ್ಟರ್ ಹತ್ತಿರ ಮಾತಾಡಿ ಇಂಥ ಟೆಸ್ಟ್ ಮಾಡಿಸಿ. ಬರೀ ಕುತೂಹಲಕ್ಕೆ ಬೇಡ. ಆರ್ಡರ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ: ಎಲ್‌ಡಿಎಲ್‌ಆರ್ ಜೀನ್ ಪೂರ್ತಿ ಓದ್ತೀರಾ, ಆಯ್ದ ಕೆಲವು ಜಾಗ ಮಾತ್ರ ನೋಡ್ತೀರಾ? ಈ ಜೀನ್‌ನಲ್ಲಿ 2,000ಕ್ಕೂ ಹೆಚ್ಚು ಬದಲಾವಣೆಗಳು ಪತ್ತೆಯಾಗಿವೆ. ಕೆಲವರಲ್ಲಿ ಜೀನ್‌ನ ಒಂದು ದೊಡ್ಡ ತುಂಡೇ ಬಿಟ್ಟುಹೋಗಿರುತ್ತೆ. ಆಯ್ದ ಜಾಗ ಮಾತ್ರ ನೋಡುವ ಟೆಸ್ಟ್‌ಗೆ ಅದು ಕಾಣದೇ ಹೋಗಬಹುದು, ಆದರೂ ಹಸಿರು ಟಿಕ್ ಬೀಳುತ್ತೆ.